ಕಾವಲುಗಾರನು ಒಡೆಯನಲ್ಲ: ಕಾವಲುದೂತರ ವಿಶ್ವಾಸದ ಚರಿತ್ರೆ ಮತ್ತು ಚಾಮರಾಜನಗರ ಸೀಮೆಯ ಧರ್ಮೋಪದೇಶ

ಪೀಠಿಕೆ

ಅಕ್ಟೋಬರ್ 2 ಕಾವಲುದೂತರ ಸ್ಮರಣೆಯ ದಿನ. ನಮ್ಮ ದೇಶದಲ್ಲಿ ಅಂದು ಗಾಂಧಿ ಜಯಂತಿಯ ರಜೆ. ಮೈಸೂರು ಸೀಮೆಯಲ್ಲಿ ಹಲವು ವರ್ಷ ದಸರೆಯ ಸಡಗರವೂ ಅದೇ ದಿನಗಳಲ್ಲಿ ಕೂಡಿಬರುತ್ತದೆ. ಹೀಗಾಗಿ ಬೆಳಗಿನ ಬಲಿಪೂಜೆಯ ಪ್ರಾರ್ಥನೆಗಳಲ್ಲಿ ಒಮ್ಮೆ ಹೆಸರಿಸಲ್ಪಟ್ಟು ಕಾವಲುದೂತರು ಮರೆಯಾಗುತ್ತಾರೆ. ಮಕ್ಕಳ ಧರ್ಮೋಪದೇಶದಲ್ಲಿ ಅವರಿಗೊಂದು ಪಾಠವುಂಟು. ಮನೆಯ ಗೋಡೆಯ ಪಟದಲ್ಲಿ ಮುರುಕು ಸೇತುವೆಯನ್ನು ದಾಟುವ ಇಬ್ಬರು ಮಕ್ಕಳ ಹಿಂದೆ ರೆಕ್ಕೆ ಬಿಚ್ಚಿ ನಿಂತ ದೂತನುಂಟು. ಗುರುಮಠದ ದೈವಶಾಸ್ತ್ರದ ತರಗತಿಯಲ್ಲಾದರೋ ಸೃಷ್ಟಿಯ ಅಧ್ಯಾಯದ ಕೊನೆಯಲ್ಲಿ, ಸಮಯ ಉಳಿದರೆ ಮಾತ್ರ, ಅವರ ಸರದಿ ಬರುತ್ತದೆ. ಈ ಉಪೇಕ್ಷೆಯಲ್ಲಿ ಬೋಧಕರಾದ ನಮ್ಮ ಪಾಲೂ ಉಂಟೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ.

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಸೇವೆಗೆ ಹೋಗುವ ಯಾಜಕನಿಗೆ ಈ ಪಾಠವನ್ನು ಕೊನೆಗೆ ತಳ್ಳಲು ಬರುವುದಿಲ್ಲ. ಅದು ಕಾವಲಿನ ಸೀಮೆ. ಮೂಡಲಲ್ಲಿ ಹುಲಿಯನ್ನೇರಿದ ಮಹದೇಶ್ವರನ ಮಲೆ, ನಡುವೆ ಬಿಳಿಗಿರಿರಂಗನ ಬೆಟ್ಟ, ತೆಂಕಲಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮತ್ತು ಬಂಡೀಪುರದ ಕಾಡು, ಊರುಗಳಲ್ಲಿ ಮಾರಿಗುಡಿ. ಕಂಸಾಳೆಯವರೂ ನೀಲಗಾರರೂ ರಾತ್ರಿಯಿಡೀ ಹಾಡುವ ಕಾವ್ಯಗಳಲ್ಲಿ ಒಕ್ಕಲನ್ನು ಕಾಯುವ ದೈವದ ಕಥೆ ಮತ್ತೆ ಮತ್ತೆ ಬರುತ್ತದೆ. ಇಂಥ ನೆರೆಹೊರೆಯಲ್ಲಿ ಬಾಳುವ ಕಥೋಲಿಕ ಕುಟುಂಬವೊಂದು, ನಮ್ಮ ಮನೆಯ ಕಾವಲು ಯಾರದು ಎಂದು ಕೇಳಿದರೆ ಯಾಜಕನ ಮುಂದೆ ಎರಡು ಸುಲಭವಾದ ಉತ್ತರಗಳಿರುತ್ತವೆ. ಕಾವಲುದೂತನು ಮಕ್ಕಳ ಕಥೆ ಎಂದು ನಕ್ಕು ಬಿಡುವುದು ಒಂದು. ಅವರಿಗೆ ಊರದೈವ, ನಮಗೆ ಕಾವಲುದೂತ ಎಂದು ತಾಯಿತದ ಜಾಗಕ್ಕೆ ದೂತನನ್ನು ತಂದು ಕೂರಿಸುವುದು ಇನ್ನೊಂದು. ಈ ವಿಶ್ವಾಸ ಧರ್ಮಸಭೆಯಲ್ಲಿ ಬೆಳೆದುಬಂದ ದಾರಿಯನ್ನು ನೋಡಿದರೆ ಎರಡೂ ಉತ್ತರಗಳನ್ನು ಸಭೆ ಬಹಳ ಹಿಂದೆಯೇ ತೂಗಿ ನೋಡಿ ಬದಿಗಿಟ್ಟಿದೆ ಎಂಬುದು ತಿಳಿಯುತ್ತದೆ. ಆ ದಾರಿಯನ್ನು ಸಂಕ್ಷೇಪವಾಗಿ ತೋರಿಸಿ, ಅದರಿಂದ ಈ ಸೀಮೆಯ ಪಾಲನಾಸೇವೆಗೆ ದೊರೆಯುವುದೇನೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ಶ್ರೀಗ್ರಂಥದ ನೆಲೆ

ಹಳೆಯ ಒಡಂಬಡಿಕೆಯಲ್ಲಿ ದೂತನ ಕಾವಲು ಮೊದಲು ಒಂದು ಜನಾಂಗಕ್ಕೆ ದೊರೆಯುತ್ತದೆ. ಮರುಭೂಮಿಯ ಹಾದಿಯಲ್ಲಿ ಇಸ್ರಯೇಲರನ್ನು ಕಾದು ನಡೆಸಲು ದೇವರು ತಮ್ಮ ದೂತನನ್ನು ಮುಂದೆ ಕಳುಹಿಸುತ್ತಾರೆ (ವಿಮೋಚನಾಕಾಂಡ 23:20). ದಾನಿಯೇಲನ ಗ್ರಂಥದಲ್ಲಿ ಮಿಕಾಯೇಲನು ಆ ಜನಾಂಗದ ಪಾಲಕನಾಗಿ ನಿಲ್ಲುತ್ತಾನೆ. ಒಬ್ಬೊಬ್ಬ ವ್ಯಕ್ತಿಯ ಜೊತೆಗೆ ನಡೆಯುವ ದೂತನ ಚಿತ್ರ ತುಂಬಿ ಬರುವುದು ತೊಬೀತನ ಗ್ರಂಥದಲ್ಲಿ. ಅಲ್ಲಿ ರಫಾಯೇಲನು ಕೂಲಿಗೆ ಬಂದ ದಾರಿಗಾರನಂತೆ ತರುಣ ತೊಬಿಯಾಸನ ಜೊತೆ ನಡೆದು, ಮೀನು ಹಿಡಿಸಿ, ಮದುವೆ ಮಾಡಿಸಿ, ಕುರುಡು ತಂದೆಯ ಕಣ್ಣಿಗೆ ಮದ್ದು ಹೇಳಿ, ಕೊನೆಗೆ ತಾನು ಯಾರೆಂದು ತಿಳಿಸಿ ಹೊರಟುಹೋಗುತ್ತಾನೆ. ಸ್ತೋತ್ರ ಸಲ್ಲಬೇಕಾದುದು ದೇವರಿಗೆ ಎಂಬುದೇ ಅವನ ಕಡೆಯ ಬೋಧನೆ.

ಹೊಸ ಒಡಂಬಡಿಕೆಯ ಮುಖ್ಯ ಆಧಾರ ಮತ್ತಾಯ 18:10. ಚಿಕ್ಕವರಲ್ಲಿ ಒಬ್ಬನನ್ನೂ ತಿರಸ್ಕರಿಸಬಾರದೆಂದು ಯೇಸುಸ್ವಾಮಿ ಎಚ್ಚರಿಸುತ್ತಾರೆ. ಏಕೆಂದರೆ ಅವರ ದೂತರು ಸ್ವರ್ಗದಲ್ಲಿ ಸದಾ ತಂದೆಯ ಮುಖವನ್ನು ನೋಡುತ್ತಿರುತ್ತಾರೆ. ಈ ವಾಕ್ಯದ ಗುರಿಯನ್ನು ನಾವು ಸರಿಯಾಗಿ ಗಮನಿಸಬೇಕು. ಚಿಕ್ಕವರಿಗೆ ಅಪಾಯ ಬರುವುದಿಲ್ಲವೆಂಬ ಭರವಸೆ ಅಲ್ಲಿಲ್ಲ. ಅವರನ್ನು ಕೀಳಾಗಿ ಕಾಣುವ ದೊಡ್ಡವರಿಗೆ ಕೊಟ್ಟ ಎಚ್ಚರಿಕೆ ಅದು. ದಿಕ್ಕಿಲ್ಲದವನೆಂದು ನಾವು ಕಡೆಗಣಿಸುವ ಮಗುವಿಗೆ ತಂದೆಯ ಸನ್ನಿಧಿಯಲ್ಲಿ ಒಬ್ಬ ಪ್ರತಿನಿಧಿ ಇದ್ದಾನೆ. ಆದಿಸಭೆಯ ಮನೆಮಾತಿನಲ್ಲೂ ಈ ನಂಬಿಕೆ ಇತ್ತೆಂಬುದಕ್ಕೆ ಪ್ರೇಷಿತರ ಕಾರ್ಯಕಲಾಪಗಳು 12:15 ಸಾಕ್ಷಿ: ಸೆರೆಯಿಂದ ಬಿಡುಗಡೆಯಾದ ಪೇತ್ರನು ಬಾಗಿಲು ತಟ್ಟಿದಾಗ ಒಳಗಿದ್ದವರು, ಬಂದಿರುವುದು ಅವನ ದೂತನಿರಬೇಕು ಎನ್ನುತ್ತಾರೆ.

ಇನ್ನೊಂದು ಸಂಗತಿಯನ್ನು ಧರ್ಮೋಪದೇಶಕರು ಸಾಮಾನ್ಯವಾಗಿ ಹೇಳದೆ ಬಿಡುತ್ತಾರೆ. ದೂತರ ಕಾವಲನ್ನು ಕುರಿತ ಪ್ರಸಿದ್ಧ ಕೀರ್ತನೆ 91 ಶುಭಸಂದೇಶದಲ್ಲಿ ಉದ್ಧೃತವಾಗುವುದು ಶೋಧಕನ ಬಾಯಲ್ಲಿ (ಮತ್ತಾಯ 4:6). ದೇವಾಲಯದ ಶಿಖರದಿಂದ ಧುಮುಕು, ದೂತರು ಕಾಯುತ್ತಾರೆ ಎಂದು ಅವನು ಹೇಳುತ್ತಾನೆ, ಪ್ರಭುವು ಒಪ್ಪುವುದಿಲ್ಲ. ವಾಗ್ದಾನ ಸುಳ್ಳೆಂದು ಅವರು ಹೇಳುವುದಿಲ್ಲ. ಅದನ್ನು ಪರೀಕ್ಷೆಯ ಕೋಲಾಗಿ ಬಳಸಲು ನಿರಾಕರಿಸುತ್ತಾರೆ. ಅದೇ ಅಧ್ಯಾಯದಲ್ಲಿ, ಶೋಧಕನು ಬಿಟ್ಟುಹೋದ ಮೇಲೆ ದೂತರು ಬಂದು ಅವರನ್ನು ಉಪಚರಿಸುತ್ತಾರೆ.

ಸಭಾಪಿತೃಗಳಿಂದ ತೋಮಾಸರವರೆಗೆ

2ನೆಯ ಶತಮಾನದ ರೋಮಿನಲ್ಲಿ ರಚಿತವಾದ ಹೆರ್ಮಾಸನ 'ಕುರುಬ' ಎಂಬ ಕೃತಿ ಮನುಷ್ಯನ ಬಳಿ ಇರುವ ಇಬ್ಬರು ದೂತರನ್ನು, ನೀತಿಯ ದೂತನನ್ನೂ ಕೆಡುಕಿನ ದೂತನನ್ನೂ, ವರ್ಣಿಸುತ್ತದೆ. 3ನೆಯ ಶತಮಾನದಲ್ಲಿ ಒರಿಜೆನ್ ಈ ವಿಚಾರವನ್ನು ವಿಸ್ತರಿಸಿದರು. ಅವರ ಶಿಷ್ಯ ಸಂತ ಗ್ರೆಗೊರಿ ತೌಮತುರ್ಗುಸರು ಓದು ಮುಗಿಸಿ ಹೊರಡುವಾಗ ಮಾಡಿದ ಕೃತಜ್ಞತಾ ಭಾಷಣದಲ್ಲಿ, ತಮ್ಮನ್ನು ಬಾಲ್ಯದಿಂದ ಕಾದು ಈ ಗುರುವಿನ ಬಳಿಗೆ ಕರೆತಂದ ದೂತನಿಗೂ ವಂದನೆ ಸಲ್ಲಿಸಿದರು. ಗುರು ಅಭ್ಯರ್ಥಿಗಳು ನೆನಪಿನಲ್ಲಿಡಬೇಕಾದ ಸಂಗತಿ ಇದು. 4ನೆಯ ಶತಮಾನದ ಸಂತ ಬಾಸಿಲರು ವಿಶ್ವಾಸಿಯ ಬಳಿ ನಿಲ್ಲುವ ದೂತನನ್ನು ರಕ್ಷಕನೆಂದೂ ಕುರುಬನೆಂದೂ ಕರೆದರು.

ಈ ಕಾವಲು ಆರಂಭವಾಗುವುದು ಎಂದಿನಿಂದ? ದೀಕ್ಷಾಸ್ನಾನದಿಂದಲೋ, ಹುಟ್ಟಿನಿಂದಲೋ? ಒರಿಜೆನ್ ಈ ಪ್ರಶ್ನೆಯನ್ನು ಎತ್ತಿ ಎರಡು ಪಕ್ಷಗಳನ್ನೂ ಮುಂದಿಟ್ಟರು. ಸಂತ ಜೆರೋಮರು ಮತ್ತಾಯನ ಶುಭಸಂದೇಶದ ವ್ಯಾಖ್ಯಾನದಲ್ಲಿ ಹುಟ್ಟಿನಿಂದ ಎಂದರು. ಪ್ರತಿಯೊಂದು ಆತ್ಮಕ್ಕೂ ಜನನದಿಂದಲೇ ಒಬ್ಬ ದೂತನು ನೇಮಕವಾಗಿರುವುದು ಆತ್ಮದ ಘನತೆಯ ಗುರುತು ಎಂಬುದು ಅವರ ಅಭಿಪ್ರಾಯ. 13ನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು 'ಸುಮ್ಮಾ'ದ ಪ್ರಥಮ ಭಾಗದ 113ನೆಯ ಪ್ರಶ್ನೆಯನ್ನು ಪೂರ್ತಿಯಾಗಿ ಈ ವಿಷಯಕ್ಕೆ ಮೀಸಲಿಟ್ಟು, ಎಂಟು ಲೇಖಗಳಲ್ಲಿ ಅದನ್ನು ವಿಚಾರಿಸಿದರು. ಅವರು ಜೆರೋಮರ ಪಕ್ಷವನ್ನೇ ಹಿಡಿದರು. ದೀಕ್ಷಾಸ್ನಾನದಿಂದ ದೊರೆಯುವ ವರಗಳು ಕ್ರೈಸ್ತರಿಗೆ ಸಲ್ಲುವವು. ದೂತನ ಕಾವಲಾದರೋ ಮನುಷ್ಯಸ್ವಭಾವಕ್ಕೆ ದೇವರು ಒದಗಿಸಿದ ನೆರವು. ಆದ್ದರಿಂದ ಹಾದಿಯಲ್ಲಿರುವ ಪ್ರತಿಯೊಬ್ಬ ಮನುಷ್ಯನಿಗೂ, ಅಕ್ರೈಸ್ತನಿಗೂ, ಕೊನೆಗೆ ಕ್ರಿಸ್ತವಿರೋಧಿಗೂ ಕೂಡ, ಅದು ತಪ್ಪುವುದಿಲ್ಲ. ಗರ್ಭದಲ್ಲಿರುವ ಶಿಶುವನ್ನು ತಾಯಿಯ ದೂತನೇ ಕಾಯುತ್ತಾನೆನ್ನಬಹುದು ಎಂಬ ಕೋಮಲವಾದ ಮಾತೂ ಅಲ್ಲಿದೆ.

ಈ ನಿರ್ಣಯದ ಬೆಲೆ ನಮ್ಮ ಸೀಮೆಯಲ್ಲಿ ಎದ್ದು ಕಾಣುತ್ತದೆ. ಗುಂಡ್ಲುಪೇಟೆಯ ಒಂದು ಬೀದಿಯಲ್ಲಿ ಕಥೋಲಿಕರ ಮನೆ ಒಂದಿದ್ದರೆ ಇತರರ ಮನೆಗಳು ಐವತ್ತು ಇರಬಹುದು. ಅಕ್ವಿನಾಸರ ಪ್ರಕಾರ ಆ ಐವತ್ತು ಮನೆಗಳ ತೊಟ್ಟಿಲ ಬಳಿಯೂ ದೂತನಿದ್ದಾನೆ. ಕಾವಲುದೂತನು ನಮ್ಮ ಜಾತಿಯ ದೈವವಾಗಲು ಸಾಧ್ಯವೇ ಇಲ್ಲ.

ಹೆಸರಿಡುವ ಹಂಬಲ

ವಿಶ್ವಾಸ ಬೆಳೆದಂತೆ ಅದರ ಅಪಭ್ರಂಶವೂ ಬೆಳೆಯಿತು. ದೂತಾರಾಧನೆಯ ವಿರುದ್ಧ ಸಂತ ಪೌಲರ ಎಚ್ಚರಿಕೆ ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲೇ ಇದೆ (2:18). ಅದೇ ಪ್ರದೇಶಕ್ಕೆ ಸೇರಿದ ಲವೊದಿಕೀಯದಲ್ಲಿ 4ನೆಯ ಶತಮಾನದಲ್ಲಿ ಕೂಡಿದ ಧರ್ಮಸಮ್ಮೇಳನವು, ಸಭೆಯನ್ನು ಬಿಟ್ಟು ದೂತರ ಹೆಸರಿನಲ್ಲಿ ಗುಟ್ಟಾಗಿ ಕೂಡುವುದನ್ನು ನಿಷೇಧಿಸಿತು. 745ರಲ್ಲಿ ಜಗದ್ಗುರು ಜಕರಿಯರು ರೋಮಿನಲ್ಲಿ ಕರೆದ ಸಮ್ಮೇಳನದ ಮುಂದೆ ಆದಲ್ಬೆರ್ತ್ ಎಂಬ ಅಲೆಮಾರಿ ಬೋಧಕನ ಪ್ರಾರ್ಥನೆಯೊಂದು ಬಂದಿತು. ಅದರಲ್ಲಿ ಎಂಟು ದೂತರ ಹೆಸರುಗಳಿದ್ದವು. ಮಿಕಾಯೇಲನದೊಂದನ್ನು ಬಿಟ್ಟು ಉಳಿದವೆಲ್ಲ ದುರಾತ್ಮಗಳ ಹೆಸರುಗಳಿರಬೇಕೆಂದು ಸಮ್ಮೇಳನ ತೀರ್ಪಿತ್ತಿತು. ಶ್ರೀಗ್ರಂಥ ನಮಗೆ ತಿಳಿಸಿರುವುದು ಮಿಕಾಯೇಲ್, ಗಬ್ರಿಯೇಲ್, ರಫಾಯೇಲ್ ಎಂಬ ಮೂರು ಹೆಸರುಗಳನ್ನು ಮಾತ್ರ. 789ರಲ್ಲಿ ಚಾರ್ಲ್‌ಮೇನ್ ಚಕ್ರವರ್ತಿಯ ಶಾಸನವೂ ಇದನ್ನೇ ಹೇಳಿತು. 2001ರಲ್ಲಿ ರೋಮ್ ಪ್ರಕಟಿಸಿದ ಜನಪದ ಭಕ್ತಿಯ ಮಾರ್ಗಸೂಚಿಯೂ ಈ ಮೂವರ ಹೊರತು ದೂತರಿಗೆ ಹೆಸರಿಡುವುದನ್ನು ಒಪ್ಪುವುದಿಲ್ಲ.

ಹೆಸರಿನ ವಿಷಯದಲ್ಲಿ ಇಷ್ಟು ಬಿಗಿ ಏಕೆ? ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಸರು ಸಿಕ್ಕ ಶಕ್ತಿಯನ್ನು ಕರೆಯಬಹುದು, ಕಟ್ಟಬಹುದು, ಹರಕೆ ಹೊತ್ತು ಕೆಲಸ ಮಾಡಿಸಿಕೊಳ್ಳಬಹುದು ಎಂದು ಮನುಷ್ಯನು ಬಗೆಯುತ್ತಾನೆ. ಹೆಸರಿಲ್ಲದ ಕಾವಲುದೂತನನ್ನು ಹಾಗೆ ಕಟ್ಟಲಾಗದು. ಅವನು ಇನ್ನೊಬ್ಬರ ಆಳು. ಅವನ ಒಡೆಯನ ಹೆಸರಷ್ಟೇ ನಮಗೆ ಬೇಕಾದುದು. ಪ್ರಕಟಣಾ ಗ್ರಂಥದ ಕೊನೆಯಲ್ಲಿ ಯೊವಾನ್ನನು ಅಡ್ಡಬಿದ್ದಾಗ ದೂತನು ತಡೆದು, ತಾನೂ ಒಬ್ಬ ಜೊತೆಸೇವಕ ಎಂದು ಹೇಳುವುದು ಇದನ್ನೇ.

ಹಬ್ಬದ ಶತಮಾನ, ಮೈಸೂರು ಮಿಷನ್ನಿನ ಶತಮಾನ

1566ರಲ್ಲಿ ಪ್ರಕಟವಾದ ರೋಮನ್ ಧರ್ಮೋಪದೇಶ ಗ್ರಂಥವು ಕಾವಲುದೂತರ ವಿಷಯವನ್ನು ವಿಸ್ತಾರವಾಗಿ ಎತ್ತಿಕೊಳ್ಳುವ ಸ್ಥಳ ಗಮನಾರ್ಹ. ಪರಲೋಕ ಪ್ರಾರ್ಥನೆಯ ವಿವರಣೆಯಲ್ಲಿ, ದೇವರನ್ನು ತಂದೆಯೆಂದು ಕರೆಯುವುದು ಏಕೆ ಎಂಬ ಪ್ರಶ್ನೆಗೆ ಉತ್ತರವಾಗಿ ಅದು ಬರುತ್ತದೆ. ಅಪಾಯದ ಹಾದಿಯಲ್ಲಿ ನಡೆಯುವ ಮಕ್ಕಳಿಗೆ ತಂದೆಯು ಜೊತೆಗಾರರನ್ನು ಕಳುಹಿಸುವಂತೆ ದೇವರು ದೂತರನ್ನು ನೇಮಿಸಿದ್ದಾರೆ ಎಂದು ವಿವರಿಸಿ, ತೊಬಿಯಾಸನ ದೃಷ್ಟಾಂತ ಕೊಡುತ್ತದೆ. ಕಾವಲುದೂತನ ಪಾಠ ಮೂಲತಃ ತಂದೆಯ ಪಾಠ.

ಹಬ್ಬ ನಿಧಾನವಾಗಿ ನೆಲೆಗೊಂಡಿತು. ಫ್ರಾನ್ಸಿನ ರೊದೆಜ್ ಧರ್ಮಕ್ಷೇತ್ರದ ಆಚರಣೆಗೆ 1518ರಲ್ಲಿ ಜಗದ್ಗುರು 10ನೆಯ ಲಿಯೋರವರ ಒಪ್ಪಿಗೆ ದೊರೆಯಿತು. 1608ರಲ್ಲಿ 5ನೆಯ ಪೌಲರು ಅದನ್ನು ರೋಮನ್ ಪಂಚಾಂಗಕ್ಕೆ ಸೇರಿಸಿದರು. 1670ರಲ್ಲಿ 10ನೆಯ ಕ್ಲೆಮೆಂಟರು ಅಕ್ಟೋಬರ್ 2ರ ಹಬ್ಬವನ್ನು ಇಡೀ ಸಭೆಗೆ ಕಡ್ಡಾಯಗೊಳಿಸಿದರು. ಈ ಎರಡು ವರ್ಷಗಳ ನಡುವೆಯೇ ನಮ್ಮ ಚರಿತ್ರೆಯ ಆರಂಭವೂ ಇದೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದ ಕೊನೆಯಲ್ಲಿ, ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಕನ್ನಡದಲ್ಲಿ ಧರ್ಮೋಪದೇಶವನ್ನೂ ಕನ್ನಡಕ್ಕೆ ವ್ಯಾಕರಣವನ್ನೂ ಬರೆದರು. ಹೀಗೆ ಕಾವಲುದೂತರ ಹಬ್ಬವೂ ಮೈಸೂರಿನ ಕಥೋಲಿಕ ಸಮುದಾಯವೂ ಒಂದೇ ಶತಮಾನದ ಕೂಸುಗಳು.

ಆ ಗುರುಗಳ ಸಭೆಗೆ ದೂತಭಕ್ತಿಯ ಒಂದು ವಿಶಿಷ್ಟ ಪರಂಪರೆಯಿತ್ತು. ಸಂತ ಇಗ್ನಾಸಿಯವರ ಮೊದಲ ಸಂಗಾತಿ, ಸಂತ ಫ್ರಾನ್ಸಿಸ್ ಕ್ಸೇವಿಯರರೊಡನೆ ಪ್ಯಾರಿಸ್ಸಿನಲ್ಲಿ ಒಂದೇ ಕೋಣೆಯಲ್ಲಿದ್ದ ಸಂತ ಪೀಟರ್ ಫೇಬರ್ ಅವರು ಯಾವ ಊರನ್ನು ಹಾದುಹೋದರೂ ಆ ಊರಿನ ಮತ್ತು ಅಲ್ಲಿನ ಜನರ ಕಾವಲುದೂತರಿಗೆ ವಂದಿಸುತ್ತಿದ್ದರು. ತಮ್ಮ ಆತ್ಮಿಕ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಅವರು ಹೀಗೆ ನಡೆದದ್ದು ಧರ್ಮಸಭೆ ಒಡೆದುಹೋಗಿದ್ದ ಜರ್ಮನಿಯ ಊರುಗಳಲ್ಲಿ.

1773ರಲ್ಲಿ ಯೇಸುಸಭೆಯನ್ನು ರದ್ದುಗೊಳಿಸಿದ ಬಳಿಕ ಮೈಸೂರು ಮಿಷನ್ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಕೈಸೇರಿತು. 1799ರಲ್ಲಿ ಟಿಪ್ಪುವಿನ ಪತನದ ಬೆನ್ನಲ್ಲೇ ಬಂದ ಅಬ್ಬೆ ದುಬುವಾ ಅವರು ಚದುರಿಹೋದ ಕ್ರೈಸ್ತರನ್ನು ಮತ್ತೆ ಕೂಡಿಸಿದರು. ಸಿಡುಬಿನ ಹಾವಳಿಯಿದ್ದ ನಾಡಿನಲ್ಲಿ ಲಸಿಕೆಯ ಪ್ರಚಾರವನ್ನೂ ಕೈಗೊಂಡು ಸಾವಿರಾರು ಜನಕ್ಕೆ ಹಾಕಿಸಿದರು. ದೇವರ ಕಾವಲನ್ನು ನಂಬುವುದೂ ಮನುಷ್ಯನ ಕೈಯಿಂದ ಮಗುವನ್ನು ಕಾಯುವುದೂ ಒಂದಕ್ಕೊಂದು ಎದುರಲ್ಲವೆಂಬುದಕ್ಕೆ ನಮ್ಮ ಮಿಷನ್ನಿನ ಚರಿತ್ರೆಯಲ್ಲೇ ಇರುವ ನಿದರ್ಶನ ಅದು. ಮುಂದೆ 1850ರಲ್ಲಿ ಮೈಸೂರು ಪ್ರೇಷಿತ ಪ್ರತಿನಿಧಿಯ ಕ್ಷೇತ್ರವಾಯಿತು, 1886ರಲ್ಲಿ ಧರ್ಮಕ್ಷೇತ್ರವಾಯಿತು. ಚಾಮರಾಜನಗರ, ಗುಂಡ್ಲುಪೇಟೆಗಳು ಇಂದಿಗೂ ಅದರ ಭಾಗ.

ದೂತ, ಸಮ್ಮನಸು, ಕಾವಲು

ಈ ಸೀಮೆಯ ಭಾಷೆಗಳೇ ನಮಗೊಂದು ದೈವಶಾಸ್ತ್ರದ ಪಾಠ ಹೇಳುತ್ತವೆ. ಕೊಳ್ಳೇಗಾಲದ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾರ್ಟಳ್ಳಿಯ ಸುತ್ತಲಿನ ಕಥೋಲಿಕರ ಮನೆಮಾತು ಇಂದಿಗೂ ತಮಿಳು. ತಮಿಳು ಕಥೋಲಿಕರು ಹಳೆಯ ಪ್ರಾರ್ಥನೆಗಳಲ್ಲಿ ದೇವದೂತನನ್ನು 'ಸಮ್ಮನಸು' ಎನ್ನುತ್ತಾರೆ. ಒಳ್ಳೆಯ ಮನಸ್ಸು ಎಂದು ಅದರ ಮೂಲಾರ್ಥ. ಕನ್ನಡದಲ್ಲಿ ನಾವು 'ದೂತ' ಎನ್ನುತ್ತೇವೆ. ಸಂತ ಅಗಸ್ಟೀನರು, ದೂತ ಎಂಬುದು ಕೆಲಸದ ಹೆಸರು, ಸ್ವಭಾವದಿಂದ ಅವರು ಆತ್ಮಗಳು ಎಂದು ವಿಂಗಡಿಸಿದ್ದಾರೆ. ಕನ್ನಡದ ಪದ ಕೆಲಸವನ್ನು ಹೇಳುತ್ತದೆ, ತಮಿಳಿನ ಪದ ಸ್ವಭಾವವನ್ನು ಹೇಳುತ್ತದೆ. ಒಂದೇ ಜಿಲ್ಲೆಯ ಎರಡು ಭಾಷೆಗಳ ಕ್ರೈಸ್ತರು ಅಗಸ್ಟೀನರ ಬೋಧನೆಯ ಎರಡು ಪಾಲುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ.

'ಕಾವಲು' ಎಂಬ ಪದವೂ ಅಷ್ಟೇ ಸಮೃದ್ಧವಾದುದು. ಮೈಸೂರು ನಾಡಿನಲ್ಲಿ ಅದಕ್ಕೆ ಎರಡು ಅರ್ಥಗಳಿವೆ. ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲು ಒಂದು: ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಇಲಾಖೆ, ಇಂಥ ಕಾವಲುಗಳನ್ನು ನೋಡಿಕೊಳ್ಳುತ್ತಿತ್ತು. ದೂತನನ್ನು ಕುರುಬನೆಂದು ಕರೆದ ಬಾಸಿಲರಿಗೆ ಈ ಅರ್ಥ ಹಿಡಿಸುತ್ತಿತ್ತು. ಇನ್ನೊಂದು, ಬಂಡೀಪುರದಂಚಿನ ಹೊಲಗಳಲ್ಲಿ ರೈತನು ಇಂದಿಗೂ ಮಾಡುವ ಕಾವಲು. ಬೆಳೆ ಕೊಯ್ಲಿಗೆ ಬಂದಾಗ ಅಟ್ಟಣೆಯ ಮೇಲೆ ಕುಳಿತು, ಆನೆ ಹಂದಿಗಳು ಇಳಿಯದಂತೆ ರಾತ್ರಿಯಿಡೀ ಎಚ್ಚರವಿರುವುದು. ಕೂಲಿಗೆ ಕಾವಲು ಕೂತವನಿಗೆ ಹೊಲ ತನ್ನದಲ್ಲವೆಂಬುದು ಗೊತ್ತು; ಅವನು ಎಚ್ಚರವಿರುವುದು ಒಡೆಯನು ಹೇಳಿದ್ದರಿಂದ, ಬೆಳೆಯ ಮೇಲಿನ ಅಕ್ಕರೆ ಒಡೆಯನದು. ಕಾವಲುದೂತನ ಪಾಠಕ್ಕೆ ಮುರುಕು ಸೇತುವೆಯ ಪಟಕ್ಕಿಂತ ಈ ಅಟ್ಟಣೆ ನಮ್ಮ ಮಕ್ಕಳಿಗೆ ಹತ್ತಿರದ್ದು.

ಕಾವಲು ಸೋತಂತೆ ಕಂಡ ರಾತ್ರಿ

ಎಚ್ಚರವಾಗಿ ಕೂತರೂ ಆನೆ ಹೊಲಕ್ಕೆ ನುಗ್ಗುವುದುಂಟು. ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಕಾವಲುದೂತರ ಬಗೆಗೆ ಬರೆಯುವುದು ಪ್ರಾಮಾಣಿಕತೆಯಲ್ಲ. 2021ರ ಮೇ 2ರ ರಾತ್ರಿ ಮತ್ತು ಮರುದಿನದ ನಡುವೆ ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಪ್ರಾಣಬಿಟ್ಟರು. ಹೊರಗೆ ಕಾದಿದ್ದ ಮನೆಯವರಿಗೆ, ಒಬ್ಬೊಬ್ಬರಿಗೂ ಒಬ್ಬ ಕಾವಲುದೂತನಿದ್ದಾನೆಂದು ಯಾವ ಬಾಯಿಂದ ಹೇಳುವುದು?

ಅಕ್ವಿನಾಸರು ಇಲ್ಲಿ ಹಗುರವಾದ ಸಮಾಧಾನ ಹೇಳುವುದಿಲ್ಲ. ದೂತನು ಮನುಷ್ಯನನ್ನು ಎಂದಿಗೂ ಪೂರ್ತಿ ಬಿಟ್ಟುಹೋಗುವುದಿಲ್ಲ. ಆದರೂ ದೈವಸಂಕಲ್ಪದ ಕ್ರಮದಲ್ಲಿ ಕೆಲವೊಮ್ಮೆ ಸಂಕಟವನ್ನು ತಡೆಯುವುದಿಲ್ಲ ಎಂದು ಅವರು ಬರೆದಿದ್ದಾರೆ. ಗೆತ್ಸೆಮನಿ ತೋಪಿನ ಚಿತ್ರ ಇದಕ್ಕೆ ಸರಿಹೊಂದುತ್ತದೆ. ಸಂತ ಲೂಕರು ಹೇಳುವಂತೆ ಅಲ್ಲಿಗೆ ದೂತನೊಬ್ಬನು ಬಂದನು (22:43). ಅವನು ಪಾತ್ರೆಯನ್ನು ತೆಗೆದುಕೊಂಡು ಹೋಗಲಿಲ್ಲ. ಅದನ್ನು ಕುಡಿಯಬೇಕಾದವರಿಗೆ ಬಲಕೊಟ್ಟು ನಿಂತನು. ತಂದೆಯ ಏಕಮಾತ್ರ ಪುತ್ರನಿಗೆ ದೊರೆತ ಕಾವಲು ಇಂಥದು. ಅದಕ್ಕಿಂತ ಹೆಚ್ಚಿನದನ್ನು ನಾವು ಯಾರಿಗೂ ಮಾತುಕೊಡಲಾರೆವು. ಅದಕ್ಕಿಂತ ಕಡಿಮೆಯದನ್ನು ಹೇಳಬೇಕಾಗಿಯೂ ಇಲ್ಲ. ಉಸಿರು ಕಟ್ಟಿದ ಆ ಹಾಸಿಗೆಗಳ ಬಳಿ, ಮನೆಯವರಿಗೂ ಯಾಜಕನಿಗೂ ಪ್ರವೇಶವಿಲ್ಲದ ಆ ವಾರ್ಡಿನಲ್ಲಿ, ಯಾರೊಬ್ಬರೂ ಒಬ್ಬಂಟಿಯಾಗಿ ಸಾಯಲಿಲ್ಲವೆಂಬುದು ನಮ್ಮ ವಿಶ್ವಾಸ. ಅವರಲ್ಲಿ ದೀಕ್ಷಾಸ್ನಾನ ಪಡೆದವರು ಯಾರು, ಪಡೆಯದವರು ಯಾರು ಎಂಬ ಲೆಕ್ಕ ಇಲ್ಲಿ ಬರುವುದಿಲ್ಲ.

ಇದೇ ವಿಶ್ವಾಸ ಬದುಕಿರುವವರ ಮೇಲೆ ಹೊಣೆಯನ್ನೂ ಹೊರಿಸುತ್ತದೆ. ಮತ್ತಾಯ 18:10 ಎಚ್ಚರಿಕೆಯ ಮಾತೆಂದು ಮೇಲೆ ಹೇಳಿದೆವು. ಕಡೆಗಣಿಸಲ್ಪಟ್ಟವರ ದೂತರು ತಂದೆಯ ಮುಖವನ್ನು ನೋಡುತ್ತಿದ್ದಾರೆ ಎಂದ ಮೇಲೆ, ಬಡರೋಗಿಗಳ ಉಸಿರಿನ ವಿಷಯದಲ್ಲಿ ಆಗುವ ಉಪೇಕ್ಷೆ ಅಲ್ಲಿ ವರದಿಯಾಗದೆ ಉಳಿಯುವುದಿಲ್ಲ. ದೂತನು ಕಾಯುತ್ತಾನೆಂದು ಮನುಷ್ಯರು ಕಾವಲು ಬಿಟ್ಟು ಮಲಗುವುದು ಶಿಖರದಿಂದ ಧುಮುಕಿದಂತೆಯೇ.

ಉಪಸಂಹಾರ

ದೂತರ ಅಸ್ತಿತ್ವ ವಿಶ್ವಾಸದ ಸತ್ಯವೆಂದೂ, ಆರಂಭದಿಂದ ಮರಣದವರೆಗೆ ಮನುಷ್ಯನ ಬಾಳು ಅವರ ಕಾವಲಿನಲ್ಲಿದೆ ಎಂದೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಒಬ್ಬೊಬ್ಬರಿಗೆ ಒಬ್ಬೊಬ್ಬ ದೂತನೆಂಬುದನ್ನು ಸಭೆ ಗಂಭೀರ ಸೂತ್ರವಾಗಿ ಘೋಷಿಸಿಲ್ಲ. ಆದರೆ ಪಿತೃಗಳಿಂದ ಇಂದಿನವರೆಗೆ ಅದು ಅವಳ ಸಾಮಾನ್ಯ ಬೋಧನೆ, ಪೂಜಾವಿಧಿಯಲ್ಲಿ ಅವಳು ಪ್ರಾರ್ಥಿಸುವ ವಿಶ್ವಾಸ. ಸಂತ ಬರ್ನಾರ್ಡರು ಕೀರ್ತನೆ 91ರ ಮೇಲಿನ ಪ್ರಸಂಗಗಳಲ್ಲಿ ಈ ದೂತರಿಗೆ ನಾವು ಸಲ್ಲಿಸಬೇಕಾದುದು ಮೂರು ಎಂದರು: ಅವರ ಸಾನ್ನಿಧ್ಯಕ್ಕೆ ಗೌರವ, ಅವರ ಹಿತಚಿಂತನೆಗೆ ಭಕ್ತಿ, ಅವರ ಕಾವಲಿಗೆ ಭರವಸೆ. ಹೆಸರಿಡುವುದಾಗಲಿ, ಕಟ್ಟಿಹಾಕುವುದಾಗಲಿ ಆ ಪಟ್ಟಿಯಲ್ಲಿಲ್ಲ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ಹಳ್ಳಿಗಳು ಒಂದರ ಹಿಂದೊಂದು ಬರುತ್ತವೆ. ಹೆಚ್ಚಿನವುಗಳಲ್ಲಿ ನಮ್ಮ ವಿಶ್ವಾಸಿಗಳ ಮನೆಯಿಲ್ಲ. ಅವುಗಳನ್ನು ನಾವು ಬರಿಯ ದಾರಿಯೆಂದು ದಾಟಿಹೋಗುವುದೇ ರೂಢಿ. ಸಂತ ಫೇಬರ್ ಅವರ ವಾಡಿಕೆಯನ್ನು ಕಿರಿಯ ಸಹೋದರರು ಇಲ್ಲಿ ಕೈಗೊಳ್ಳಲಿ ಎಂಬುದು ನಮ್ಮ ಸಲಹೆ: ಊರ ಗಡಿ ಬಂದಾಗ ಅಲ್ಲಿನ ಜನರ ಕಾವಲುದೂತರಿಗೆ ಮನಸ್ಸಿನಲ್ಲೇ ವಂದಿಸಿ ಮುಂದೆ ಸಾಗುವುದು. ಯಾಜಕನು ಬರುವ ಮೊದಲೇ ಆ ಊರಿಗೆ ದೇವರ ಕಾವಲು ಬಂದಿದೆ.